ರಾತ್ರಿ ಎರಡು ಗಂಟೆಗೆ ಕನ್ನಡದಲ್ಲಿ ಹುಡುಕಿದ್ರೆ ಏನ್ ಸಿಗುತ್ತೆ?

1/8

ಈ ಸಲದ ಸೀರೀಸ್ ಎಂಟು ಪೋಸ್ಟ್ ಇದೆ. ಉದ್ದ ಜಾಸ್ತಿ, ಟಾಪಿಕ್ ಕೂಡ ಸ್ವಲ್ಪ ಭಾರ. ಬಸ್ಸಲ್ಲಿ ಓದೋರು ಸೀಟ್ ಸಿಕ್ಕಿದ ಮೇಲೆ ಓದಿ.

ಫೋಟೋದಲ್ಲಿರೋದು ನಮ್ಮ ಪಿಯು ಕಾಲೇಜಿನ ಮೂರನೇ ಬೆಂಚು. ಎಡಗಡೆ ನಾನು ಕೂರ್ತಿದ್ದೆ, ಬಲಗಡೆ ಅವಳು. ಹೆಸರು ಬರೆಯಲ್ಲ. ಬರೆಯೋಕೆ ಮುಂಚೆ ಅವಳ ಅಮ್ಮನ್ನ ಕೇಳ್ದೆ. ಆಂಟಿ ಹೇಳಿದ್ದು ಇಷ್ಟೇ: "ಹೆಸರು ಬೇಡ ಪುಟ್ಟಿ, ಉಳಿದಿದ್ದು ಬರಿ."

ಸೆಕೆಂಡ್ ಪಿಯು ಮುಗಿಯೋ ಹೊತ್ತಿಗೆ ಅವಳಿಗೆ ಮೊಣಕಾಲ ಹತ್ರ ನೋವು ಶುರುವಾಯ್ತು. ಮೊದಲು ಎಲ್ರೂ ಅಂದಿದ್ದು, ಥ್ರೋಬಾಲ್ ಆಡಿ ಉಳುಕಿರಬೇಕು ಅಂತ. ಆಮೇಲೆ ಗೊತ್ತಾಗಿದ್ದು ಆಸ್ಟಿಯೋಸಾರ್ಕೋಮಾ. ಮೂಳೆಯ ಕ್ಯಾನ್ಸರ್ ಅದು. ನಮ್ಮ ವಯಸ್ಸಿನವರಿಗೇ ಹೆಚ್ಚು ಬರುತ್ತೆ, ಮೊಣಕಾಲ ಆಸುಪಾಸಲ್ಲೇ ಹೆಚ್ಚು ಕಾಣಿಸ್ಕೊಳ್ಳುತ್ತೆ. ಹರಡಿದ್ರೆ ಹೆಚ್ಚಾಗಿ ಹೋಗೋದು ಶ್ವಾಸಕೋಶಕ್ಕೆ. ಅವಳಿಗೂ ಅಲ್ಲಿಗೇ ಹೋಯ್ತು.

ಒಂದಿನ ಮನೆಗೆ ನೋಡೋಕೆ ಹೋಗಿದ್ದಾಗ ಅವಳು ತನ್ನ ಫೋನ್ ಕೊಟ್ಟು "ನೋಡೇ" ಅಂದ್ಲು. ಸರ್ಚ್ ಹಿಸ್ಟರಿ ತೆಗೆದಿತ್ತು. ಎಲ್ಲಾ ರಾತ್ರಿ ಒಂದೂವರೆ, ಎರಡು ಗಂಟೆಯದ್ದು. ಕನ್ನಡದಲ್ಲೇ ಟೈಪ್ ಮಾಡಿದ್ಲು. "ಕ್ಯಾನ್ಸರ್ ಶ್ವಾಸಕೋಶಕ್ಕೆ ಬಂದ್ರೆ ಎಷ್ಟು ದಿನ." "ಉಸಿರು ಕಟ್ಟುತ್ತಾ." "ಕೊನೆಗೆ ನೋವು ಜಾಸ್ತಿ ಆಗುತ್ತಾ."

ಸಿಕ್ಕಿದ್ದೇನು ಗೊತ್ತಾ? ಲಕ್ಷ್ಮಣಫಲ ತಿಂದ್ರೆ ಹದಿನೈದು ದಿನದಲ್ಲಿ ಕ್ಯಾನ್ಸರ್ ಮಾಯ. ಪಪ್ಪಾಯ ಎಲೆ ಕಷಾಯ. ಯಾವುದೋ ಊರಿನ ನಾಟಿ ಔಷಧಿ, ಜೊತೆಗೆ ಫೋನ್ ನಂಬರ್. ಅದು ಬಿಟ್ರೆ ಇಂಗ್ಲಿಷ್ ಲೇಖನಗಳು, ಅದೂ ಡಾಕ್ಟರ್‌ಗಳಿಗೆ ಬರೆದಿದ್ದು.

"ನಮಗೋಸ್ಕರ ಏನೂ ಇಲ್ಲ ಕಣೇ," ಅಂದ್ಲು.

2/8

ನಾನೇನು ಹೇಳ್ದೆ ಅಂತ ಬರೆಯೋಕೆ ನಾಚಿಕೆ ಆಗುತ್ತೆ. ಆದ್ರೂ ಬರೀತೀನಿ. "ಅದೆಲ್ಲ ಯಾಕೆ ನೋಡ್ತೀಯ, ಪಾಸಿಟಿವ್ ಆಗಿರು, ನೀನು ಫೈಟರ್" ಅಂದೆ. ಅವಳು ಫೋನ್ ವಾಪಸ್ ತಗೊಂಡ್ಲು. ಆಮೇಲೆ ಇಬ್ರೂ ಯಾವುದೋ ಸಿನಿಮಾ ಬಗ್ಗೆ ಮಾತಾಡಿದ್ವಿ. ಆ ವಿಷಯ ಮತ್ತೆ ಅವಳು ನನ್ನ ಹತ್ರ ಎತ್ತಲಿಲ್ಲ.

ಡಾಕ್ಟರ್ ಅವಳ ಅಪ್ಪನ್ನ ಹೊರಗೆ ಕರೆದು ಹೇಳಿದ್ರು. ಅವಳಿಗೆ ಮಾತ್ರ "ಸ್ವಲ್ಪ ದಿನ ಟ್ರೀಟ್‌ಮೆಂಟ್‌ಗೆ ಗ್ಯಾಪ್" ಅಂತ ಹೇಳಿದ್ದು. ಅಂಕಲ್ ಅತ್ತಿದ್ದು ಪಾರ್ಕಿಂಗ್‌ನಲ್ಲಿ. ಆಂಟಿ ಅತ್ತಿದ್ದು ಅಡುಗೆಮನೇಲಿ. ಅವಳು ಅತ್ತಿದ್ದು ರಾತ್ರಿ, ಬೆಡ್‌ಶೀಟ್ ಒಳಗೆ ಫೋನ್ ಬೆಳಕಲ್ಲಿ. ಮೂವರಿಗೂ ಗೊತ್ತಿತ್ತು. ಮೂವರೂ ಗೊತ್ತಿಲ್ಲದ ಹಾಗೆ ಇದ್ರು.

ಇದು ನಮ್ಮ ಮನೆಗಳ ಕಥೆ ಮಾತ್ರ ಅಲ್ಲ. ಅಮೆರಿಕದ ಮಾನವಶಾಸ್ತ್ರಜ್ಞೆ ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ ಲ್ಯುಕೇಮಿಯಾ ಇದ್ದ ಮಕ್ಕಳ ಜೊತೆ ಆಸ್ಪತ್ರೆಯಲ್ಲಿದ್ದು 1978ರಲ್ಲಿ ಒಂದು ಪುಸ್ತಕ ಬರೆದ್ರು. ಯಾರೂ ಹೇಳದಿದ್ರೂ ಮಕ್ಕಳಿಗೆ ತಾವು ಸಾಯ್ತಿದೀವಿ ಅಂತ ಗೊತ್ತಿರುತ್ತೆ, ಆದ್ರೆ ಅಪ್ಪ ಅಮ್ಮನಿಗೆ ಬೇಜಾರಾಗಬಾರದು ಅಂತ ಗೊತ್ತಿಲ್ಲದವರ ಥರ ನಟಿಸ್ತಾರೆ ಅನ್ನೋದು ಅವರು ಕಂಡಿದ್ದು.

ಇನ್ನೊಂದು, ಸ್ವೀಡನ್‌ನಲ್ಲಿ ಆಗಿದ್ದು. ಕ್ಯಾನ್ಸರ್‌ನಿಂದ ಮಗುವನ್ನ ಕಳ್ಕೊಂಡ ಅಪ್ಪ ಅಮ್ಮಂದಿರನ್ನ ಕೇಳಿದ್ರು: ಮಗು ಜೊತೆ ಸಾವಿನ ಬಗ್ಗೆ ಮಾತಾಡಿದ್ರಾ? 2004ರಲ್ಲಿ ಬಂದ ಆ ಅಧ್ಯಯನದಲ್ಲಿ ಮಾತಾಡಿದವರು 147 ಜನ. ಅವರಲ್ಲಿ ಒಬ್ರೂ "ಯಾಕಾದ್ರೂ ಮಾತಾಡಿದ್ನೋ" ಅನ್ನಲಿಲ್ಲ. ಮಾತಾಡದೇ ಇದ್ದ 258 ಜನರಲ್ಲಿ 69 ಜನ "ಮಾತಾಡಬೇಕಿತ್ತು" ಅಂತ ಕೊರಗ್ತಿದ್ರು.

ಆ 69ರ ಲಿಸ್ಟಿಗೆ ಗೆಳತಿಯರನ್ನೂ ಸೇರಿಸೋ ಹಾಗಿದ್ರೆ ನನ್ನ ಹೆಸರೂ ಬರ್ಕೊಳ್ಳಿ.

3/8

ಈಗ ನನ್ನ ವಾದಕ್ಕೆ ಬರ್ತೀನಿ. ವಾಸಿಯಾಗದ ಕಾಯಿಲೆ ಇರೋ ಯುವಕ ಯುವತಿಯರಿಗೆ, ಅಂದ್ರೆ ಹದಿನಾರರಿಂದ ಇಪ್ಪತ್ತೈದರ ಒಳಗಿನವರಿಗೆ, ಕನ್ನಡದಲ್ಲಿ ಒಂದು ಆನ್‌ಲೈನ್ ಜಾಗ ಬೇಕೇ ಬೇಕು.

"ಯುವಜನರಿಗೇ ಯಾಕೆ ಬೇರೆ?" ಅಂತ ಕೇಳಬಹುದು. ಯಾಕಂದ್ರೆ ನಮ್ಮ ಪ್ರಶ್ನೆಗಳೇ ಬೇರೆ. ಮಕ್ಕಳ ವಾರ್ಡಲ್ಲಿ ಗೋಡೆ ಮೇಲೆ ಮಿಕ್ಕಿ ಮೌಸ್ ಇರುತ್ತೆ, ದೊಡ್ಡವರ ವಾರ್ಡಲ್ಲಿ ಪಕ್ಕದ ಬೆಡ್‌ನಲ್ಲಿ ತಾತ ಇರ್ತಾರೆ. ಹತ್ತೊಂಬತ್ತು ವಯಸ್ಸಿನವಳು ಎರಡಕ್ಕೂ ಸೇರಲ್ಲ. ಅರವತ್ತು ವರ್ಷದವರಿಗೆ ಮಕ್ಕಳ ಮದುವೆ ಚಿಂತೆ. ಅವಳಿಗಿದ್ದ ಚಿಂತೆ ಇವು:

ಕೂದಲು ಹೋದ ಮೇಲೆ ಕಾಲೇಜಿಗೆ ಬರಬಹುದಾ? ಲವ್ ಮಾಡ್ತಿದ್ದ ಹುಡುಗನಿಗೆ ಹೇಳಬೇಕಾ, ಬಿಡಬೇಕಾ? ಅಟೆಂಡೆನ್ಸ್ ಶಾರ್ಟೇಜ್ ಏನ್ ಮಾಡೋದು? ನನ್ನ ಅಕೌಂಟಲ್ಲಿರೋ ಸ್ಕಾಲರ್‌ಶಿಪ್ ದುಡ್ಡು ತಮ್ಮನಿಗೆ ಹೇಗೆ ಸಿಗುತ್ತೆ? ನಾನಿಲ್ಲದ ಮೇಲೆ ನನ್ನ ಇನ್‌ಸ್ಟಾ ಏನಾಗುತ್ತೆ?

ನೋಡಿ, ಇದರಲ್ಲಿ ಎಷ್ಟೋ ಪ್ರಶ್ನೆಗೆ ಉತ್ತರ ಇದೆ. ಬ್ಯಾಂಕಿಗೆ ಹೋಗಿ ನಾಮಿನೇಶನ್ ಫಾರ್ಮ್ ತುಂಬಿದ್ರೆ ಸಾಕು, ಹತ್ತು ನಿಮಿಷದ ಕೆಲಸ. ಫೇಸ್‌ಬುಕ್‌ನಲ್ಲಿ ಲೆಗಸಿ ಕಾಂಟ್ಯಾಕ್ಟ್ ಇಡಬಹುದು, ಗೂಗಲ್‌ನಲ್ಲಿ ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್ ಇದೆ, ಇನ್‌ಸ್ಟಾ ಖಾತೆಯನ್ನ ಮನೆಯವರು ಕೇಳ್ಕೊಂಡ್ರೆ ನೆನಪಿನ ಖಾತೆಯಾಗಿ ಉಳಿಸ್ತಾರೆ. ನೋವಿಗೆ ಮಾರ್ಫಿನ್ ಮಾತ್ರೆ ಇದೆ, ದುಬಾರಿಯೂ ಅಲ್ಲ. ಡಾಕ್ಟರ್ ಹೇಳಿದ ಅಳತೆಯಲ್ಲಿ ನೋವಿಗೆ ಅಂತ ತಗೊಂಡ್ರೆ ಚಟ ಹತ್ತುತ್ತೆ ಅನ್ನೋ ಭಯ ಬೇಡ. 1985ರ ಮಾದಕವಸ್ತು ಕಾಯ್ದೆಯಿಂದ ಆಸ್ಪತ್ರೆಗಳಿಗೆ ಮಾರ್ಫಿನ್ ಇಟ್ಕೊಳ್ಳೋದೇ ಕಷ್ಟ ಆಗಿತ್ತು, 2014ರ ತಿದ್ದುಪಡಿ ಅದನ್ನ ಸುಲಭ ಮಾಡ್ತು. ಉಸಿರಾಟ ಕಷ್ಟ ಆದಾಗ ಮುಖಕ್ಕೆ ಚಿಕ್ಕ ಫ್ಯಾನ್ ಹಿಡಿಯೋದೂ ಎಷ್ಟೋ ಜನರಿಗೆ ಸಮಾಧಾನ ಕೊಡುತ್ತೆ.

ಇಷ್ಟನ್ನ ಕನ್ನಡದಲ್ಲಿ, ನಮ್ಮ ಭಾಷೇಲಿ, ಯಾರೂ ಅವಳಿಗೆ ಒಂದು ಪುಟದಲ್ಲಿ ಕೊಡಲಿಲ್ಲ. ಲಕ್ಷ್ಮಣಫಲ ಕೊಟ್ರು.

4/8

ಬೇರೆ ಕಡೆ ಇದು ಇದೆ. ಆಕಾಶದಿಂದ ಉದುರಿದ್ದಲ್ಲ, ಯಾರೋ ಕೂತು ಕಟ್ಟಿದ್ದು.

ಇಂಗ್ಲೆಂಡಲ್ಲಿ ಟೀನೇಜ್ ಕ್ಯಾನ್ಸರ್ ಟ್ರಸ್ಟ್ ಅಂತಿದೆ. ಹದಿಹರೆಯದವರಿಗೇ ಅಂತ ಮೊದಲ ವಾರ್ಡ್ ಲಂಡನ್‌ನ ಮಿಡ್ಲ್‌ಸೆಕ್ಸ್ ಆಸ್ಪತ್ರೇಲಿ ಶುರುವಾಗಿದ್ದು 1990ರಲ್ಲಿ. ಸ್ಟೀಫನ್ ಸಟನ್ ಅನ್ನೋ ಹುಡುಗನ ಹೆಸರು ಕೆಲವರು ಕೇಳಿರಬಹುದು. ಹದಿನೈದಕ್ಕೆ ಕರುಳಿನ ಕ್ಯಾನ್ಸರ್ ಬಂತು. ವಾಸಿಯಾಗಲ್ಲ ಅಂತ ಗೊತ್ತಾದ ಮೇಲೆ ಮಾಡಬೇಕಾದ ಕೆಲಸಗಳ ಪಟ್ಟಿ ಮಾಡಿ ಆನ್‌ಲೈನ್‌ನಲ್ಲಿ ಹಾಕ್ದ. 2014ರ ಮೇನಲ್ಲಿ ಹತ್ತೊಂಬತ್ತನೇ ವಯಸ್ಸಿಗೆ ತೀರ್ಕೊಂಡಾಗ ಆ ಟ್ರಸ್ಟ್‌ಗೆ 30 ಲಕ್ಷ ಪೌಂಡ್‌ಗಿಂತ ಹೆಚ್ಚು ಸೇರಿತ್ತು.

ಆಸ್ಟ್ರೇಲಿಯಾದಲ್ಲಿ 1985ರಿಂದ ಕ್ಯಾಂಟೀನ್ ಅನ್ನೋ ಸಂಸ್ಥೆ ಇದೆ (ನಮ್ಮ ಕಾಲೇಜ್ ಕ್ಯಾಂಟೀನ್ ಅಲ್ಲ!). ಕ್ಯಾನ್ಸರ್ ಇರೋ ಹುಡುಗರಿಗೆ ಮಾತ್ರ ಅಲ್ಲ, ಅವರ ಅಣ್ಣ ತಂಗಿಯರಿಗೂ ಅಲ್ಲಿ ಜಾಗ ಇದೆ. ಅಮೆರಿಕದಲ್ಲಿ "ವಾಯ್ಸಿಂಗ್ ಮೈ ಚಾಯ್ಸಸ್" ಅನ್ನೋ ಒಂದು ಚಿಕ್ಕ ಪುಸ್ತಕ ಇದೆ. ನನ್ನನ್ನ ಹೇಗೆ ನೋಡ್ಕೊಳ್ಳಬೇಕು, ಯಾರು ಬಂದ್ರೆ ಖುಷಿ, ಹೇಗೆ ನೆನಪಿಟ್ಕೊಳ್ಳಿ ಅಂತೆಲ್ಲಾ ಹುಡುಗ ಹುಡುಗಿಯರೇ ತುಂಬೋ ಪುಟಗಳು.

ಅಷ್ಟು ದೂರ ಯಾಕೆ, ಪಕ್ಕದ ಕೇರಳ ನೋಡಿ. 1993ರಲ್ಲಿ ಕೋಳಿಕ್ಕೋಡ್‌ನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತವರ ಜೊತೆಗಾರರು ಪೇನ್ ಅಂಡ್ ಪ್ಯಾಲಿಯೇಟಿವ್ ಕೇರ್ ಸೊಸೈಟಿ ಶುರು ಮಾಡಿದ್ರು. ಅಕ್ಕಪಕ್ಕದ ಮನೆಯವರು, ಟೀಚರ್‌ಗಳು, ಕಾಲೇಜ್ ಸ್ಟೂಡೆಂಟ್ಸ್ ವಾಲಂಟಿಯರ್ ಆದ್ರು. 2008ರಲ್ಲಿ ಆ ರಾಜ್ಯ ಇದಕ್ಕೇ ಒಂದು ನೀತಿ ತಂತು.

ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ಬೆಂಗಳೂರಿನ ಮಾರತಹಳ್ಳಿ ಹತ್ರ ಕರುಣಾಶ್ರಯ ಇದೆ. 1999ರಿಂದ ಕೊನೆ ಹಂತದ ಕ್ಯಾನ್ಸರ್ ಇರೋರನ್ನ ಒಂದು ಪೈಸೆ ತಗೊಳ್ಳದೆ ನೋಡ್ಕೊಳ್ತಿದ್ದಾರೆ. ಕಿದ್ವಾಯಿಗೆ ರಾಜ್ಯದ ಮೂಲೆಮೂಲೆಯಿಂದ ಜನ ಬರ್ತಾರೆ. ಆದ್ರೆ ಊರಿಗೆ ವಾಪಸ್ ಬಸ್ ಹತ್ತಿದ ಮೇಲೆ, ಪಾವಗಡದಲ್ಲೋ ಶಿರಾದಲ್ಲೋ ರಾತ್ರಿ ಎರಡು ಗಂಟೆಗೆ, ಕೈಯಲ್ಲಿರೋದು ಫೋನ್ ಮಾತ್ರ. ನಾನು ಮಾತಾಡ್ತಿರೋದು ಆ ಗಂಟೆ ಬಗ್ಗೆ.

5/8

ಹಾಗಾದ್ರೆ ಏನಿರಬೇಕು? ನಂಗನ್ಸೋದು:

ಒಂದು, ಉತ್ತರಗಳು. ನೂರು ಪ್ರಶ್ನೆ, ನೂರು ಚಿಕ್ಕ ಉತ್ತರ. ಪ್ಯಾಲಿಯೇಟಿವ್ ಕೇರ್ ಡಾಕ್ಟರ್ ಅಥವಾ ನರ್ಸ್ ಓದಿ ಸರಿ ಅಂದಿದ್ದು ಮಾತ್ರ. ಯಾವ ತಾರೀಕಿಗೆ ಚೆಕ್ ಮಾಡಿದ್ದು ಅಂತ ಕೆಳಗೆ ಬರೆದಿರಬೇಕು.

ಎರಡು, ದನಿ. ಆಯಾಸ ಆದಾಗ ಓದೋಕಾಗಲ್ಲ. ಅವಳಿಗೆ ಕೊನೆಕೊನೆಗೆ ನನ್ನ ವಾಟ್ಸಾಪ್ ಮೆಸೇಜ್ ಓದೋದೂ ಕಷ್ಟ ಆಗಿ "ವಾಯ್ಸ್ ನೋಟ್ ಹಾಕೇ" ಅಂತಿದ್ಲು. ಹಾಗಾಗಿ ಪ್ರತಿ ಉತ್ತರಕ್ಕೂ ಎರಡು ನಿಮಿಷದ ಆಡಿಯೋ ಬೇಕು. ಕಲಬುರಗಿ ಕನ್ನಡದಲ್ಲೂ ಇರಲಿ, ಮಂಗಳೂರು ಕನ್ನಡದಲ್ಲೂ ಇರಲಿ. ಟಿವಿ ನ್ಯೂಸ್ ಓದಿದ ಹಾಗೆ ಬೇಡ.

ಮೂರು, ಒಂದು ಚಿಕ್ಕ ಗುಂಪು. ಅದೇ ವಯಸ್ಸಿನವರು, ಅದೇ ಥರ ಕಾಯಿಲೆ ಇರೋರು, ಇಪ್ಪತ್ತು ಜನಕ್ಕಿಂತ ಹೆಚ್ಚಿಲ್ಲ. ಟ್ರೇನಿಂಗ್ ಆದ ದೊಡ್ಡವರೊಬ್ರು ಯಾವಾಗಲೂ ಇರಬೇಕು. ಕ್ಯಾನ್ಸರ್‌ಗೆ ಮಾತ್ರ ಅಲ್ಲ. ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ ಇರೋ ಹುಡುಗರು ನಮ್ಮ ವಯಸ್ಸಲ್ಲಿ ವೀಲ್‌ಚೇರ್‌ನಲ್ಲಿ ಕೂತು ಇದೇ ಪ್ರಶ್ನೆ ಕೇಳ್ತಿರ್ತಾರೆ, ಅವರನ್ನ ಯಾರೂ ನೆನಪಿಸ್ಕೊಳ್ಳಲ್ಲ.

ನಾಲ್ಕು, ಹಕ್ಕುಗಳ ಪುಟ. ಹದಿನೆಂಟು ದಾಟಿದವರು ಲಿವಿಂಗ್ ವಿಲ್ ಬರೆಯಬಹುದು. ವಾಸಿಯಾಗೋ ಆಸೆ ಇಲ್ಲದಾಗ ವೆಂಟಿಲೇಟರ್ ಥರದ್ದು ಬೇಕಾ ಬೇಡ್ವಾ ಅಂತ ಮೊದಲೇ ಹೇಳಿಡೋದು. 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು, 2023ರಲ್ಲಿ ವಿಧಾನ ಸರಳ ಮಾಡ್ತು: ಇಬ್ರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆಯೂ ಇದನ್ನ ಜಾರಿ ಮಾಡೋಕೆ ಆದೇಶ ಹೊರಡಿಸ್ತು. ವೋಟ್ ಹಾಕೋ ವಯಸ್ಸಾಗಿರೋ ನಮ್ಮನ್ನ ನಮ್ಮ ದೇಹದ ಬಗ್ಗೆ ಯಾರೂ ಕೇಳಲ್ಲ ಅನ್ನೋದು ನಂಗೆ ಸರಿ ಕಾಣಲ್ಲ.

ಐದು, ಮನೆಯವರಿಗೂ ಗೆಳೆಯರಿಗೂ ಒಂದು ಪುಟ. ತಲೆಬರಹ: "ಏನು ಹೇಳಬೇಕು ಅಂತ ಗೊತ್ತಾಗದೇ ಇದ್ರೆ."

ಆ ಪುಟ ನಂಗೆ ಬೇಕಿತ್ತು.

6/8

ಏನಿರಬಾರದು ಅನ್ನೋದು ಇನ್ನೂ ಮುಖ್ಯ.

"ಫೈಟರ್", "ವಾರಿಯರ್" ಪದಗಳು ಬೇಡ. ಬದುಕಿದವರು ಹೋರಾಡಿ ಗೆದ್ರು ಅಂದ್ರೆ, ಹೋದವಳು ಸರಿಯಾಗಿ ಹೋರಾಡಲಿಲ್ಲ ಅಂತಾನಾ? ಅವಳಷ್ಟು ಕಿಮೋ ತಗೊಂಡವರನ್ನ ನಾನು ನೋಡಿಲ್ಲ. ಅದೇ ಥರ "ಡಾಕ್ಟರ್ ಕೈಚೆಲ್ಲಿದ್ರು" ಅನ್ನೋದೂ ಬೇಡ. ಉಪಶಮನ ಆರೈಕೆ ಅಂದ್ರೆ ಕೈಬಿಡೋದಲ್ಲ. ಟ್ರೀಟ್‌ಮೆಂಟ್ ನಡೀತಿರೋವಾಗಲೇ ಜೊತೆಗೆ ಶುರು ಮಾಡಬಹುದಾದ ಆರೈಕೆ ಅದು.

ಅಳೋ ಮುಖದ ಫೋಟೋ, ಹಿಂದೆ ಪಿಟೀಲು ಮ್ಯೂಸಿಕ್ ಹಾಕಿ ದುಡ್ಡು ಎತ್ತೋದು ಬೇಡ. ದುಡ್ಡು ಬೇಕಾಗುತ್ತೆ, ನಿಜ. ಆದ್ರೆ ಸಹಾಯದ ಜಾಗ ಬೇರೆ, ಚಂದಾ ಎತ್ತೋ ಜಾಗ ಬೇರೆ ಇರಬೇಕು. ಒಂದೇ ಆದ್ರೆ, ಹೆಚ್ಚು ಅತ್ತವರಿಗೆ ಹೆಚ್ಚು ಲೈಕ್ ಅನ್ನೋ ಹಾಗಾಗುತ್ತೆ.

ಫಾಲೋವರ್ ಕೌಂಟ್, ಲೈಕ್ ಕೌಂಟ್ ಬೇಡ. ಜಾಹೀರಾತು ಬೇಡ್ವೇ ಬೇಡ. ಜಾಹೀರಾತು ಬಿಟ್ರೆ ಹಿಂಬಾಗಿಲಿಂದ ಮತ್ತೆ ಲಕ್ಷ್ಮಣಫಲ ಬರುತ್ತೆ.

ಪ್ರೈವೆಸಿ. ಕಾಯಿಲೆ ಸುದ್ದಿ ಊರಿಗೆ ಗೊತ್ತಾದ್ರೆ ತಂಗಿ ಮದುವೆಗೆ ತೊಂದರೆ ಅಂತ ಹೆದರೋ ಮನೆಗಳು ಇನ್ನೂ ಇವೆ. ಅಡ್ಡಹೆಸರಲ್ಲಿ ಸೇರೋ ಅವಕಾಶ ಇರಬೇಕು. 2023ರ ಡೇಟಾ ಕಾಯ್ದೆ ಪ್ರಕಾರ ಹದಿನೆಂಟರ ಒಳಗಿನವರ ಮಾಹಿತಿ ತಗೊಳ್ಳೋಕೆ ಪೋಷಕರ ಒಪ್ಪಿಗೆ ಬೇಕು. ಹಾಗಾಗಿ ಉತ್ತರಗಳ ಪುಟ ಲಾಗಿನ್ ಇಲ್ಲದೆ ಎಲ್ರಿಗೂ ತೆರೆದಿರಲಿ, ಗುಂಪು ಮಾತ್ರ ಒಪ್ಪಿಗೆ ಮೇಲೆ.

ಕೊನೇದು, ಯಾರೂ ಯೋಚಿಸದೇ ಇರೋದು: ಗುಂಪಲ್ಲಿ ಒಬ್ರು ತೀರ್ಕೊಂಡಾಗ ಏನು? ಆಗೇ ಆಗುತ್ತೆ. ಅವತ್ತು ಯಾರು ಹೇಳ್ತಾರೆ, ಯಾವ ಮಾತಲ್ಲಿ ಹೇಳ್ತಾರೆ, ಉಳಿದವರ ಹತ್ರ ಆ ರಾತ್ರಿ ಯಾರು ಕೂರ್ತಾರೆ? ಇದು ಮೊದಲನೇ ದಿನವೇ ಬರೆದಿಟ್ಟಿರಬೇಕು. ಸದ್ದಿಲ್ಲದೆ ಒಂದು ನಂಬರ್ ಗ್ರೂಪಿಂದ ರಿಮೂವ್ ಆಗೋದು ಇದೆಯಲ್ಲ, ಅದಕ್ಕಿಂತ ಕ್ರೂರ ಇನ್ನೊಂದಿಲ್ಲ.

7/8

ಕ್ಲಾಸಲ್ಲಿ ಇದನ್ನ ಹೇಳಿದಾಗ ಬಂದ ಮೂರು ಪ್ರಶ್ನೆಗೆ ಉತ್ತರ.

"ಎಐ ಇದೆಯಲ್ಲ, ಕನ್ನಡದಲ್ಲೇ ಹೇಳುತ್ತೆ." ಹೇಳುತ್ತೆ, ಒಪ್ತೀನಿ, ಎಷ್ಟೋ ಸಲ ಚೆನ್ನಾಗೇ ಹೇಳುತ್ತೆ. ಆದ್ರೆ ತಪ್ಪು ಡೋಸ್ ಹೇಳಿದ್ರೆ ಜವಾಬ್ದಾರಿ ಯಾರದ್ದು? ನಾಳೆ ಬೆಳಿಗ್ಗೆ "ನಿನ್ನೆ ನಿದ್ದೆ ಬಂತಾ?" ಅಂತ ತಾನಾಗೇ ಕೇಳೋ ಒಬ್ಬ ಮನುಷ್ಯ ಬೇಕು.

"ನಾವು ಬಿಕಾಂನವರು, ಡಾಕ್ಟರ್ ಅಲ್ಲ." ಸರಿ. ಅದಕ್ಕೇ ಉತ್ತರ ಬರೆಯೋದು ನಾವಲ್ಲ. ಆದ್ರೆ ಡಾಕ್ಟರ್‌ಗಳಿಗೆ ಬ್ಯಾಲೆನ್ಸ್ ಶೀಟ್ ಹಾಕೋಕೆ ಬರಲ್ಲ, ನಮಗೆ ಬರುತ್ತೆ! ಲೆಕ್ಕ ನೋಡಿ. ಡೊಮೇನ್, ಹೋಸ್ಟಿಂಗ್ ಎಲ್ಲಾ ಸೇರಿದ್ರೂ ವರ್ಷಕ್ಕೆ ಕೆಲವೇ ಸಾವಿರ. ಅದು ಖರ್ಚೇ ಅಲ್ಲ. ನಿಜವಾದ ಖರ್ಚು ಮನುಷ್ಯರದ್ದು: ಕೌನ್ಸೆಲರ್ ಗಂಟೆಗಳು, ಗುಂಪು ನೋಡ್ಕೊಳ್ಳೋರ ಸಂಬಳ. ಟ್ರಸ್ಟ್ ಮಾಡಬಹುದು, ಏಳು ಜನ ಸೇರಿದ್ರೆ 1960ರ ಕಾಯ್ದೆಯಡಿ ಸೊಸೈಟಿ ಮಾಡಬಹುದು, ಕಂಪನಿ ಕಾಯ್ದೆಯ ಸೆಕ್ಷನ್ 8 ಇದೆ. ಸೆಕ್ಷನ್ 135ರ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ 2% ಸಿಎಸ್‌ಆರ್‌ಗೆ ಕೊಡಬೇಕು. ಪರೀಕ್ಷೆಗೆ ಉರು ಹೊಡೆದಿದ್ದೀವಲ್ಲ, ಇಲ್ಲಿ ಉಪಯೋಗಕ್ಕೆ ಬರಲಿ.

ಇನ್ನೊಂದು ಪಾಠ ನೆನಪಿದೆಯಾ, ಗೋಯಿಂಗ್ ಕನ್ಸರ್ನ್? ವ್ಯವಹಾರ ಮುಂದೆ ನಡೆಯುತ್ತೆ ಅನ್ನೋ ನಂಬಿಕೆ ಮೇಲೇ ಲೆಕ್ಕ ಬರೆಯೋದು. ಇಲ್ಲಿ ಅದು ಬರೀ ನಂಬಿಕೆ ಆಗಿರಬಾರದು. ಎರಡು ವರ್ಷದ ದುಡ್ಡು ಕೈಯಲ್ಲಿಲ್ಲದೆ ಗುಂಪು ಶುರು ಮಾಡಲೇಬಾರದು. ಸೆಮಿಸ್ಟರ್ ಎಕ್ಸಾಮ್ ಬಂತು ಅಂತ ಮುಚ್ಚೋ ಪೇಜ್ ಅಲ್ಲ ಇದು. ಸಾಯ್ತಿರೋ ಹುಡುಗಿ ಬಾಗಿಲು ತಟ್ಟಿದಾಗ ಒಳಗೆ ಯಾರೂ ಇಲ್ಲ ಅಂತಾಗೋದಕ್ಕಿಂತ ಬಾಗಿಲೇ ಇಲ್ಲದಿರೋದು ವಾಸಿ.

ಮೂರನೇದು, "ಇದೆಲ್ಲ ಓದಿದ್ರೆ ಧೈರ್ಯ ಕಳ್ಕೊಳ್ಳಲ್ವಾ?" ಅವಳು ಧೈರ್ಯ ಕಳ್ಕೊಂಡಿದ್ದು ಉತ್ತರ ಸಿಕ್ಕಿದ್ದಕ್ಕಲ್ಲ. ಎಲ್ರೂ ಮಾತು ತಿರುಗಿಸಿದ್ದಕ್ಕೆ.

8/8

ಹಾಗಂತ ನಾಳೆನೇ ಒಬ್ಬೊಬ್ರೂ ಒಂದು ಪೇಜ್ ಶುರು ಮಾಡಬೇಡಿ, ಪ್ಲೀಸ್. ನಾನೂ ಮಾಡಲ್ಲ. ನಾನು ಈಗ ಮಾಡ್ತಿರೋದು ಒಂದೇ: ಪ್ರಶ್ನೆಗಳ ಪಟ್ಟಿ. ಅವಳ ಸರ್ಚ್ ಹಿಸ್ಟರಿಯಿಂದ ಆಂಟಿ ಬರ್ಕೊಳ್ಳೋಕೆ ಬಿಟ್ಟಿದ್ದು, ಈಗ 41 ಆಗಿದೆ. ಅದನ್ನ ತಗೊಂಡು ಈ ಕೆಲಸ ಗೊತ್ತಿರೋ ಡಾಕ್ಟರ್, ನರ್ಸ್‌ಗಳ ಹತ್ರ ಹೋಗ್ತೀನಿ. ಅವರು "ಬೇಡ, ಹೀಗಲ್ಲ" ಅಂದ್ರೆ ಅದನ್ನೂ ಕೇಳ್ತೀನಿ.

ನಿಮ್ಮಿಂದ ಬೇಕಾಗಿರೋದು: ಕನ್ನಡ ಚೆನ್ನಾಗಿ ಬರೆಯೋರು, ದನಿ ಚೆನ್ನಾಗಿರೋರು, ವೆಬ್ ಗೊತ್ತಿರೋ ಬಿಸಿಎ ಗೆಳೆಯರು ಡಿಎಂ ಮಾಡಿ. "ಎರಡು ವರ್ಷ ಇರ್ತೀನಿ" ಅನ್ನೋರು ಮಾತ್ರ.

ನೀವೇ ಕಾಯಿಲೆಯಲ್ಲಿದ್ದು ಇದನ್ನ ಓದ್ತಿದ್ರೆ: ಆಸ್ಪತ್ರೆಯಲ್ಲಿ "ಪ್ಯಾಲಿಯೇಟಿವ್ ಕೇರ್ ಡಾಕ್ಟರ್ ಇದ್ದಾರಾ?" ಅಂತ ಬಾಯಿಬಿಟ್ಟು ಕೇಳಿ. ಹಾಗೆ ಕೇಳಿದ್ರೆ ಸೋತ ಹಾಗಲ್ಲ. ನೋವಿದ್ರೆ ಹಲ್ಲುಕಚ್ಚಿ ಇರಬೇಡಿ, ಹೇಳಿ. ರಾತ್ರಿ ಮನಸ್ಸು ತಡೀದೇ ಇದ್ರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. 24 ಗಂಟೆ, ಉಚಿತ, ಕನ್ನಡದಲ್ಲಿ ಮಾತಾಡಬಹುದು. ಅದು ಇದೇ ಕಾಯಿಲೆಗೆ ಅಂತ ಇರೋ ನಂಬರ್ ಅಲ್ಲ, ಆದ್ರೆ ಎರಡು ಗಂಟೆಗೆ ಎದ್ದಿರೋ ಒಂದು ದನಿ.

ಉಳಿದವರಿಗೆ: ನಿಮ್ಮ ಕ್ಲಾಸಲ್ಲಿ ಬರೋದು ನಿಲ್ಲಿಸಿದ ಒಬ್ರು ಇದ್ದೇ ಇರ್ತಾರೆ. ಇವತ್ತು ಮೆಸೇಜ್ ಮಾಡಿ. "ಪಾಸಿಟಿವ್ ಆಗಿರು" ಬೇಡ. "ಏನ್ ಯೋಚನೆ ಮಾಡ್ತಿದ್ದೀಯ, ಹೇಳು, ನಾನು ಮಾತು ತಿರುಗಿಸಲ್ಲ" ಅನ್ನಿ.

ಅವಳ ಕೊನೇ ವಾಯ್ಸ್ ನೋಟ್ ಹನ್ನೆರಡು ಸೆಕೆಂಡಿನದ್ದು. "ಇಂಟರ್ನಲ್ಸ್ ಹೇಗಾಯ್ತೇ? ಕಾಸ್ಟಿಂಗ್ ಕಷ್ಟ ಇತ್ತಾ?" ಏನು ಹೇಳಬೇಕು ಗೊತ್ತಾಗದೆ ಐದು ದಿನ ಸುಮ್ಮನಿದ್ದೆ. ಆರನೇ ದಿನ ಆಂಟಿ ಫೋನ್ ಬಂತು.

ಕಾಸ್ಟಿಂಗ್ ಕಷ್ಟ ಇತ್ತು ಕಣೇ. ಅಷ್ಟು ಹೇಳಿದ್ರೆ ಸಾಕಿತ್ತು.

#ಕನ್ನಡ #ಉಪಶಮನಆರೈಕೆ #ಮಾತುತಿರುಗಿಸಬೇಡಿ #ಬಿಕಾಂಡೈರಿ